ಕಿವಿಗೆ ಬಿದ್ದದ್ದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಸದ್ಯ ಯಾವ ಆಲ್ಬಮ್ ಕೇಳುತ್ತಿದ್ದೀರಿ, ಕೇಳುವಾಗ ಏನು ತೊಡಕು ಎಂದು ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ಓದುಗರನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹಳೆಯ ಪ್ಲೇಟು, ಕ್ಯಾಸೆಟ್ಟುಗಳ ಮೇಲಿನ ದೂರುಗಳೇ ಹೆಚ್ಚು. ಹಾಡಿದವರ ಮೇಲೆ, ಮುದ್ರಿಸಿದವರ ಮೇಲೆ ಹೊರಿಸಿರುವ ತಪ್ಪುಗಳಲ್ಲಿ ಬಹುಪಾಲು ನಮ್ಮ ಮನೆಯ ಯಂತ್ರದವು.

ಪ್ರಶ್ನೆ: ಭೀಮಸೇನ ಜೋಶಿಯವರ ಹಳೆಯ ಎಲ್‌ಪಿ ಕೇಳುತ್ತಿದ್ದೇನೆ. ಒಂದು ಬದಿ ಮಿಯಾಂ ಕಿ ತೋಡಿ, ಇನ್ನೊಂದು ಬದಿ ಪೂರಿಯಾ ಧನಾಶ್ರೀ. ನಿಧಾನಗತಿಯ ವಿಳಂಬಿತ್ ಸ್ವಚ್ಛವಾಗಿದೆ. ವೇಗದ ದ್ರುತ್‌ಗೆ ಬಂದಾಗ ತಾನುಗಳು (ಸ್ವರಗಳ ವೇಗದ ಓಟ) ಒಡೆದು ಚರಚರ ಎನ್ನುತ್ತವೆ. ಎರಡೂ ಬದಿಯಲ್ಲಿ ಇದೇ ಕಥೆ. ಪ್ಲೇಟು ಸವೆದಿದೆಯೇ?
*(ಮಲ್ಲೇಶ್ವರ)*

ಉತ್ತರ: ಸವೆದಿರಲೂಬಹುದು, ಆದರೆ ಮೊದಲು ಸೂಜಿಯ ಕಡೆ ನೋಡಿ. ಹಿಂದೂಸ್ತಾನಿ ಎಲ್‌ಪಿಗೆ ಹುಟ್ಟಿನಿಂದಲೇ ಅಂಟಿದ ಪೇಚು ಇದು. ಪ್ಲೇಟು ನಿಮಿಷಕ್ಕೆ 33⅓ ಸುತ್ತು ಒಂದೇ ಸಮನೆ ತಿರುಗುತ್ತದೆ, ಸುತ್ತಿನ ಉದ್ದ ಮಾತ್ರ ಕುಗ್ಗುತ್ತಾ ಹೋಗುತ್ತದೆ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೆರೆ ಹಾಯುತ್ತದೆ. ಲೇಬಲ್ಲಿನ ಹತ್ತಿರ ಅದು 21 ಸೆಂ.ಮೀ. ಆಸುಪಾಸಿಗೆ ಇಳಿದಿರುತ್ತದೆ. ಅದೇ ನಾದವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೊರೆಯಬೇಕು. ಸಿನಿಮಾ ಹಾಡಿನ ಪ್ಲೇಟಾದರೆ ಕೊನೆಗೊಂದು ಜೋಗುಳ ಹಾಕಿ ಜಾರಿಕೊಳ್ಳಬಹುದು. ಖ್ಯಾಲ್ ಎಂಬ ಈ ಗಾಯನಶೈಲಿಗೆ ಆ ಅನುಕೂಲವಿಲ್ಲ. ವಿಳಂಬಿತ್ ಮೊದಲು, ದ್ರುತ್ ಕೊನೆಗೆ. ತಾನುಗಳು ಸುರಿಯುವ ಹೊತ್ತಿಗೆ ಜಾಗ ಇಕ್ಕಟ್ಟು.

ಪರೀಕ್ಷೆ ಸುಲಭ. ಅಷ್ಟಾಗಿ ಓಡಿಸದ ಬೇರೊಂದು ಎಲ್‌ಪಿಯ ಕೊನೆಯ ಮೂರು ನಿಮಿಷ ಕೇಳಿ. ಅಲ್ಲೂ ಚರಚರ ಇದ್ದರೆ ತಪ್ಪು ನಿಮ್ಮ ಪ್ಲೇಯರಿನದು. ಆಗ ಮೊದಲು ಸೂಜಿಯ ಭಾರ ಅಳೆಯಿರಿ. ಸೂಜಿಯನ್ನು ಹಿಡಿದಿರುವ ತುಂಡೇ ಕಾರ್ಟ್ರಿಜ್. ಈಗಿನ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗಳಲ್ಲಿ ಹೆಚ್ಚಿನವು 1.5ರಿಂದ 2 ಗ್ರಾಂ ಕೇಳುತ್ತವೆ, ನಿಮ್ಮದರ ಅಂಕಿ ಅದರ ಕಾಗದದಲ್ಲಿರುತ್ತದೆ. ತೋಳಿನ ಮೇಲೆ ಕೊರೆದ ಅಂಕಿಯನ್ನು ನಂಬದೆ, 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ನೋಡಿ. ಭಾರ ಕಡಿಮೆ ಮಾಡಿದರೆ ಪ್ಲೇಟು ಉಳಿಯುತ್ತದೆ ಎಂಬ ನಂಬಿಕೆ ಮನೆಮನೆಯಲ್ಲಿದೆ, ಆದರೆ ನಡೆಯುವುದು ಅದರ ಉಲ್ಟಾ. ಹಗುರವಾದ ಸೂಜಿ ಗೆರೆಯ ಗೋಡೆ ಬಿಟ್ಟು ಹಾರಿ ಮತ್ತೆ ಬಂದು ಬಡಿಯುತ್ತದೆ, ಗೋಡೆ ಚಕ್ಕೆ ಏಳುವುದು ಆ ಬಡಿತಕ್ಕೆ. ಹೇಳಿದ ವ್ಯಾಪ್ತಿಯ ಮೇಲಿನ ತುದಿಗೆ ಇಡಿ. ತೋಳು ಒಳಕ್ಕೆ ಜಾರದಂತೆ ತಡೆಯುವ ಆಂಟಿಸ್ಕೇಟಿಂಗ್ ಗುಂಡಿಯನ್ನೂ ಅದೇ ಅಂಕಿಗೆ ತನ್ನಿ.

ಭಾರ ಸರಿಯಿದ್ದೂ ಒಡೆಯುತ್ತಿದ್ದರೆ ಕಾರ್ಟ್ರಿಜ್ ಓರೆಯಾಗಿ ಕೂತಿರಬಹುದು. ಕೋನ ತೋರಿಸುವ ಕಾಗದದ ಪ್ರೊಟ್ರ್ಯಾಕ್ಟರ್ ಮುದ್ರಿಸಿಕೊಂಡು ಕೂರಿಸಿ. ಮುದ್ರಿಸುವಾಗ ಗಾತ್ರ ಶೇ. 100 ಇರಬೇಕು. ‘ಪುಟಕ್ಕೆ ಹೊಂದಿಸು’ ಎಂಬುದು ಆನ್ ಆಗಿದ್ದರೆ ಅಳತೆಯೇ ಸುಳ್ಳಾಗುತ್ತದೆ, ಆದ್ದರಿಂದ ಸ್ಕೇಲ್ ಇಟ್ಟು ನೋಡಿ. ಕೊನೆಗೆ ಸೂಜಿಯ ವಯಸ್ಸು: 500ರಿಂದ 1000 ಗಂಟೆ. ದಿನಕ್ಕೊಂದು ಎಲ್‌ಪಿ ಕೇಳುವವರಿಗೆ ಎರಡು ಮೂರು ವರ್ಷ.

ಇಷ್ಟಾದರೂ ಆ ಒಂದೇ ಪ್ಲೇಟು ಒಡೆದರೆ ಅದು ನಿಜಕ್ಕೂ ಸವೆದಿದೆ. ಗುಂಡು ಮೊನೆಯ ಸೂಜಿ ಇದ್ದಲ್ಲಿ ಎಲಿಪ್ಟಿಕಲ್ ಮೊನೆ ಹಾಕಿ ನೋಡಿ. ಅದು ಗೋಡೆಯನ್ನು ಮುಟ್ಟುವ ಜಾಗ ಬೇರೆಯಾದ್ದರಿಂದ ಕೆಲವೊಮ್ಮೆ ಜೀವ ಬರುತ್ತದೆ. ಮೊನೊ ಮುದ್ರಣವಾದರೆ ಎಡ, ಬಲ ಚಾನೆಲ್‌ಗಳನ್ನು ಬೇರೆಬೇರೆ ಕೇಳಿ. ಎರಡರಲ್ಲೂ ಇರುವುದು ಒಂದೇ ಹಾಡುಗಾರಿಕೆ, ಸವೆತ ಮಾತ್ರ ಸಮನಾಗಿರುವುದಿಲ್ಲ. ಚೆನ್ನಾಗಿರುವ ಗೋಡೆಯನ್ನೇ ಇಟ್ಟುಕೊಳ್ಳಿ.

ಪ್ರಶ್ನೆ: ಅಮೆರಿಕದಿಂದ ತಂದ ಪ್ಲೇಯರಿನಲ್ಲಿ ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಎಲ್‌ಪಿ ಹಾಕಿದರೆ ನಾದ ಜೋಲುತ್ತದೆ. 230ರಿಂದ 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದ್ದೇನೆ.
*(ಕೋರಮಂಗಲ)*

ಉತ್ತರ: ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿಯ ತಂಟೆಗೆ ಹೋಗುವುದಿಲ್ಲ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಫ್ರೀಕ್ವೆನ್ಸಿಗೆ ತಕ್ಕ ವೇಗದಲ್ಲಿ ತಿರುಗುವ ಹಳೆಯ ಎಸಿ ಸಿಂಕ್ರೊನಸ್ ಮೋಟರ್ ಆದರೆ 33⅓ರ ಬದಲು 27.8 ಸುತ್ತು ತಿರುಗುತ್ತದೆ. ಷಡ್ಜ ಮೂರು ಸ್ವರಸ್ಥಾನ ಕೆಳಗೆ ಬಿದ್ದಿರುತ್ತದೆ. ಮೈಸೂರು ಬಾನಿಯ ವೀಣೆ ನಿಧಾನವೇ ಹೌದು, ಇಷ್ಟು ನಿಧಾನವಲ್ಲ. ಆ ಮಾದರಿಗೆ 50 ಹರ್ಟ್ಸ್‌ನ ಪುಲ್ಲಿ ಸಿಕ್ಕರೆ ಬದಲಿಸಿ, ಇಲ್ಲವೇ ಡಿಸಿ ಮೋಟರಿನ ಪ್ಲೇಯರ್ ಕೊಳ್ಳಿ.

ತಿರುಗುವಾಗ ನೋಡಿ ವೇಗ ಪರೀಕ್ಷಿಸುವ ಪಟ್ಟೆಯ ಹಾಳೆಯಲ್ಲೂ ಇದೇ ಮೋಸ. ನಮ್ಮಲ್ಲಿ 33⅓ಕ್ಕೆ 180 ಪಟ್ಟೆ ಬೇಕು, 216 ಇದ್ದರೆ ಅದು ಅಮೆರಿಕದ ಹಾಳೆ. ಒಳ್ಳೆಯ ಎಲ್‌ಇಡಿ ಬಲ್ಬು ಮಿನುಗುವುದೇ ಇಲ್ಲ, ಅದರಡಿ ಪಟ್ಟೆಗಳೆಲ್ಲ ಕಲಸಿಹೋಗುತ್ತವೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನಡಿ ನೋಡಿ. ಪಟ್ಟೆ ನಿಂತರೆ ಸರಿ, ತಿರುಗುವ ದಿಕ್ಕಿಗೆ ಸರಿದರೆ ವೇಗ ಹೆಚ್ಚು, ಹಿಂದಕ್ಕೆ ಸರಿದರೆ ಕಡಿಮೆ.

ಪ್ರಶ್ನೆ: 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟು ಮನೆಯಲ್ಲಿದೆ. ಸದ್ಯ ಅದೇ ನಮ್ಮ ಸಂಜೆಯ ಹಾಡು. ಟೇಪ್ ರೆಕಾರ್ಡರ್ ಎರಡು ಸಲ ರೀಲು ನುಂಗಿತು. ದನಿಯೂ ಕಂಬಳಿ ಹೊದ್ದಂತಿದೆ. ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ?
*(ಜಯನಗರ)*

ಉತ್ತರ: ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಯೋಜನೆ. ಭಾವಗೀತೆ ಕ್ಯಾಸೆಟ್ಟಿಗೆ ಬಂದ ಆರಂಭದ ಹೆಜ್ಜೆ ಅದು. ಆ ಪ್ರತಿಯನ್ನು ಮೂರನೇ ಸಲ ಆ ಯಂತ್ರದ ಬಾಯಿಗೆ ಕೊಡಬೇಡಿ.

ರೀಲು ನುಂಗುವುದು ಏಕೆಂದರೆ, ಕ್ಯಾಪ್‌ಸ್ಟನ್ ಕಂಬಿ ಮತ್ತು ರಬ್ಬರ್ ರೋಲರ್ ಟೇಪನ್ನು ಎಳೆದು ಮುಂದಕ್ಕೆ ದೂಡುತ್ತಲೇ ಇರುತ್ತವೆ, ಬಲಗಡೆಯ ಚಕ್ರ ಅದನ್ನು ಸುತ್ತಿಕೊಳ್ಳಬೇಕು. ಬೆಲ್ಟು ಸಡಿಲವಾಗಿದ್ದರೆ ಆ ಚಕ್ರ ನಿಲ್ಲುತ್ತದೆ. ಉಳಿದ ಟೇಪು ರೋಲರಿಗೆ ಸುತ್ತಿಕೊಳ್ಳುತ್ತದೆ. ಬೆಲ್ಟು ಬದಲಿಸುವುದೇ ಮದ್ದು. ಹಳೆಯದು ಕರಗಿ ಡಾಂಬರಿನಂತಾಗಿದ್ದರೆ ಪುಲ್ಲಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಚೆನ್ನಾಗಿ ಒರೆಸಿದ ಮೇಲೆ ಹೊಸದು ಹಾಕಿ. ಎಸ್‌.ಪಿ. ರಸ್ತೆಗೆ ಹೋಗುವಾಗ ಹಳೆಯ ಬೆಲ್ಟನ್ನು, ಅಥವಾ ಅದು ಕೂರುವ ದಾರಿಯನ್ನು ದಾರದಿಂದ ಅಳೆದ ಉದ್ದವನ್ನು ಜೊತೆಗೆ ಒಯ್ಯಿರಿ. ದಾರದ ಅಳತೆಗಿಂತ ಶೇ. 5ರಿಂದ 10 ಚಿಕ್ಕದಿರಲಿ. ಅದಕ್ಕೂ ಬಿಗಿಯಾದರೆ ಮೋಟರ್ ತಿಣುಕಿ ದನಿ ನಡುಗುತ್ತದೆ.

ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿ. ಸುರುಳಿಯ ಮೇಲೆ ಬಿಳಿ ಪುಡಿಯಂತೆ ಕಂಡರೆ ಬೂಸ್ಟು. ನಮ್ಮ ಮಳೆಗಾಲದಲ್ಲಿ ಗೋಡೆಗೆ ಒತ್ತಿದ ಬೀರುವಿನೊಳಗೆ ಇದು ಬೇಗ ಹಿಡಿಯುತ್ತದೆ. ಹಾಗಿದ್ದರೆ ಓಡಿಸಬೇಡಿ, ಬೂಸ್ಟು ಟೇಪನ್ನು ಓದುವ ಹೆಡ್ಡಿಗೂ ಆ ಮೂಲಕ ಬೇರೆ ಕ್ಯಾಸೆಟ್ಟುಗಳಿಗೂ ಹತ್ತುತ್ತದೆ. ಕ್ಯಾಸೆಟ್ಟಿನಲ್ಲಿ ಹೆಡ್ ತಾಗುವ ಜಾಗದ ಪುಟ್ಟ ಫೆಲ್ಟಿನ ತುಂಡು ಉದುರಿದೆಯೇ ಎಂದೂ ನೋಡಿ. ಅದು ಇಲ್ಲದಿದ್ದರೆ ಟೇಪು ಹೆಡ್ಡಿಗೆ ಒತ್ತುವುದಿಲ್ಲ. ನಿಮ್ಮ ಕಂಬಳಿಗೆ ಅದೇ ಕಾರಣವಿದ್ದೀತು.

ಫೆಲ್ಟು ಸರಿಯಿದ್ದರೆ ಹೆಡ್ ಒರೆಸಿ. ಆಮೇಲೂ ದನಿ ಮಂಕಾಗಿದ್ದರೆ ಅಜಿಮತ್, ಅಂದರೆ ಹೆಡ್ಡಿನ ಓರೆ. ಹೆಡ್ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸ್ಕ್ರೂ ಇರುತ್ತದೆ. ಈಗಿರುವ ಜಾಗಕ್ಕೆ ನೇಲ್ ಪಾಲಿಶ್‌ನಿಂದ ಗುರುತು ಹಾಕಿ, ಹಾಡು ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸಿ. ಕಾಲು ಸುತ್ತು ದಾಟಬೇಡಿ. ಎರಡೂ ಚಾನೆಲ್ ಒಂದುಗೂಡಿಸಿ ಕೇಳುತ್ತಾ, ‘ಸ’, ‘ಶ’ ಅಕ್ಷರಗಳು ಅತಿ ಸ್ಪಷ್ಟವಾಗುವ ಜಾಗದಲ್ಲಿ ನಿಲ್ಲಿಸಿ. ನಿಮ್ಮ ಇತರ ಕ್ಯಾಸೆಟ್ಟುಗಳಿಗೆ ಮತ್ತೆ ಗುರುತಿಗೆ ಮರಳಬೇಕಾಗುತ್ತದೆ.

ಬೆಲ್ಟು ಬದಲಿಸಿದ ಮೇಲೆ ವೇಗವನ್ನು ಒಮ್ಮೆ ನೋಡಿ. ಒಂದು ಮನೆ ಶ್ರುತಿಯಲ್ಲಿ ಹಾಡಿದ್ದು ಒಂದೂವರೆ ಮನೆಯಲ್ಲಿ, ಅಂದರೆ ಒಂದು ಸ್ವರಸ್ಥಾನ ಮೇಲೆ, ಕೇಳಿದರೆ ಯಂತ್ರ ಶೇ. 6ರಷ್ಟು ಮುಂದೋಡುತ್ತಿದೆ. ಅದೇ ಹಾಡಿನ ಡಿಜಿಟಲ್ ಪ್ರತಿಯ ಜೊತೆ ಹೋಲಿಸಿದರೆ ತಿಳಿಯುತ್ತದೆ. ಬಹಳಷ್ಟು ಮೋಟರುಗಳ ಬೆನ್ನಲ್ಲಿ ಒಂದು ತೂತಿರುತ್ತದೆ, ಸಣ್ಣ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿದರೆ ವೇಗ ಬದಲಾಗುತ್ತದೆ.

ಈಗ ಇಳಿಸುವುದು. ಮೊದಲು ಕ್ಯಾಸೆಟ್ಟನ್ನು ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ, ಸುರುಳಿಯ ಬಿಗಿ ಸಮವಾಗಲಿ. ಲೈನ್ ಔಟ್‌ನಿಂದ ತಂತಿ ತೆಗೆದು ಯುಎಸ್‌ಬಿ ಸೌಂಡ್ ಕಾರ್ಡಿನ ಲೈನ್ ಇನ್‌ಗೆ ಕೊಡಿ. ಮೈಕ್ ರಂಧ್ರಕ್ಕೆ ಕೊಟ್ಟರೆ ದನಿ ಒಡೆಯುತ್ತದೆ. ಅಗ್ಗದ ಕಾರ್ಡುಗಳಲ್ಲಿ ಇರುವುದು ಮೈಕ್ ರಂಧ್ರ ಮಾತ್ರ, ಕೊಳ್ಳುವ ಮುನ್ನ ನೋಡಿ. ರೆಕಾರ್ಡ್ ಮಾಡುವ ತಂತ್ರಾಂಶ ಆಡಾಸಿಟಿಯಲ್ಲಿ 24 ಬಿಟ್, 48 ಕಿಲೊಹರ್ಟ್ಸ್ ಇಟ್ಟು, ಜೋರಾದ ಜಾಗದಲ್ಲೂ ಮೈನಸ್ 6 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ. ಗಂಟೆಗೆ ಸುಮಾರು ಒಂದು ಜಿಬಿ ಆಗುತ್ತದೆ, ಗುಣ ಕೆಡದಂತೆ ಕುಗ್ಗಿಸುವ ಫ್ಲ್ಯಾಕ್ ಮಾಡಿದರೆ ಅದರ ಅರ್ಧದ ಆಸುಪಾಸು. ಸದ್ದು ತೆಗೆಯುವ ಫಿಲ್ಟರುಗಳನ್ನು ನಕಲಿನ ಮೇಲೆ ಮಾತ್ರ ಪ್ರಯೋಗಿಸಿ. ಸುಯ್ ಎನ್ನುವುದನ್ನು ಒರೆಸುವ ಭರದಲ್ಲಿ ತಂಬೂರಿಯೂ ಒರೆಸಿಹೋಗುತ್ತದೆ.

ಪ್ರಶ್ನೆ: ಬಿ.ಎಸ್. ರಾಜಯ್ಯಂಗಾರ್ ಅವರ ‘ಜಗದೋದ್ಧಾರನ’ ಇರುವ ಹಳೆಯ ಗ್ರಾಮಫೋನ್ ಪ್ಲೇಟು ಸಿಕ್ಕಿದೆ. ಸ್ಪಿರಿಟ್ಟಿನಲ್ಲಿ ಒರೆಸಿ ಎಲ್‌ಪಿ ಪ್ಲೇಯರಿನಲ್ಲಿ ಹಾಕಬಹುದೇ?
*(ಚಾಮರಾಜಪೇಟೆ)*

ಉತ್ತರ: ಸ್ಪಿರಿಟ್ ಬೇಡವೇ ಬೇಡ. ನಿಮ್ಮದು ನಿಮಿಷಕ್ಕೆ 78 ಸುತ್ತಿನ ಪ್ಲೇಟು. ಅಂಥ 78ರ ಪ್ಲೇಟು ಅರಗಿನದು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಒರೆಸಿದ ಬಟ್ಟೆಗೆ ಕಪ್ಪು ಬಂದರೆ ಕೊಳೆ ಹೋಯಿತೆಂದು ಹಿಗ್ಗಬೇಡಿ, ಹೋಗುತ್ತಿರುವುದು ಹಾಡು. ಬೋರ್‌ವೆಲ್ ನೀರೂ ಬೇಡ, ಗೆರೆಯೊಳಗೆ ಉಪ್ಪು ಕೂರುತ್ತದೆ. ಡಿಸ್ಟಿಲ್ಡ್ ವಾಟರ್ ಸಾಕು, ಬ್ಯಾಟರಿಗೆ ಹಾಕುವ ನೀರೂ ಆದೀತು. ಆಸಿಡ್ ಅಲ್ಲ, ನೀರು ಎಂದು ಖಾತ್ರಿ ಮಾಡಿಕೊಳ್ಳಿ. ಅರ್ಧ ಲೀಟರಿಗೆ ಪಾತ್ರೆ ತೊಳೆಯುವ ದ್ರಾವಣ ಎರಡು ಹನಿ. ಮೆತ್ತನೆಯ ಬ್ರಶ್ಶಿನಲ್ಲಿ ಗೆರೆಯ ಉದ್ದಕ್ಕೆ ಉಜ್ಜಿ, ಬರೀ ನೀರಿನಲ್ಲಿ ತೊಳೆದು, ತಕ್ಷಣ ಒರೆಸಿ ನೆರಳಲ್ಲಿ ನಿಲ್ಲಿಸಿ. ಲೇಬಲ್ ಒದ್ದೆಯಾಗಬಾರದು. ಬಿಸಿಲಿಗಿಟ್ಟರೆ ಬಾಗುತ್ತದೆ.

ಎಲ್‌ಪಿಯ ಸೂಜಿಯ ಮೊನೆ ಸುಮಾರು 18 ಮೈಕ್ರಾನ್, 78ರ ಗೆರೆಗೆ 75ರ ಆಸುಪಾಸಿನದು ಬೇಕು. ಸಣ್ಣ ಮೊನೆ ಗೆರೆಯ ತಳದ ಕಸದಲ್ಲಿ ಕೆರೆಯುತ್ತಾ ಹೋಗುತ್ತದೆ. ನಿಮ್ಮ ಕಾರ್ಟ್ರಿಜ್‌ಗೆ 78ರ ಸೂಜಿ ಬೇರೆಯಾಗಿ ಸಿಗುತ್ತದೆಯೇ ವಿಚಾರಿಸಿ. ಪ್ಲೇಯರಿನಲ್ಲಿ 78ರ ವೇಗವೇ ಇಲ್ಲವೆಂದರೆ, ಆ ಸೂಜಿ ಹಾಕಿ 45ರಲ್ಲಿ ಓಡಿಸಿ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ವೇಗವನ್ನು 1.733ರಿಂದ ಗುಣಿಸಿ. ದನಿಯ ಬಣ್ಣ ಸ್ವಲ್ಪ ಬದಲಾಗುತ್ತದೆ, ಟ್ರೆಬಲ್, ಬೇಸ್ ತಿರುಗಿಸಿ ಸರಿದೂಗಿಸಿಕೊಳ್ಳಬೇಕು. ಕೀಲಿ ಕೊಡುವ ಗ್ರಾಮಫೋನ್ ಇದ್ದರೆ ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಿ, ಮೂರು ನಿಮಿಷಕ್ಕೆ ಅದರ ಮೊನೆ ಸವೆದಿರುತ್ತದೆ.

ಓದುಗರ ಸಲಹೆ: ಸಂಡೇ ಬಜಾರಿನಲ್ಲಿ ಹಳೆಯ ಎಲ್‌ಪಿ ಕೊಳ್ಳುವಾಗ ಹೊಳಪು ನೋಡಿ ಆರಿಸಿದರೆ ಸಾಕು.
*(ಬಸವನಗುಡಿ)*

ಸಾಲದು. ಎಣ್ಣೆ ಸವರಿದರೂ ಹೊಳೆಯುತ್ತದೆ. ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಗೆರೆಗಳು ಬೂದಿ ಬಣ್ಣಕ್ಕೆ ತಿರುಗಿದ್ದರೆ, ಅದೂ ಜೋರಾದ ಭಾಗಗಳಲ್ಲಿ, ಸವೆದಿದೆ. ಗೀರಿನ ಮೇಲೆ ಉಗುರು ಆಡಿಸಿ, ಉಗುರು ತಡೆದರೆ ಸೂಜಿಯೂ ಎಡವುತ್ತದೆ. ಲೇಬಲ್ಲಿನ ನಡುತೂತಿನ ಸುತ್ತ ಜೇಡನ ಬಲೆಯಂಥ ಗೆರೆಗಳಿದ್ದರೆ ಅಷ್ಟು ಸಲ ಓಡಿದೆ ಎಂದರ್ಥ. ಕವರಿನೊಳಗೆ ಇರುವುದು ಅದೇ ಪ್ಲೇಟೇ ಎಂದು ನೋಡುವುದನ್ನು ಮಾತ್ರ ಮರೆಯಬೇಡಿ.

ಪ್ರಶ್ನೆ: ಫೋನಿನಲ್ಲಿ ಭೀಮಸೇನರ ದಾಸವಾಣಿ ಮುಗಿದು ರಘು ದೀಕ್ಷಿತರ 2008ರ ಮೊದಲ ಆಲ್ಬಮ್ ಶುರುವಾದರೆ ಬೆಚ್ಚಿಬೀಳುತ್ತೇನೆ. ಯಾಕಿಷ್ಟು ಜೋರು?
*(ರಾಜಾಜಿನಗರ)*

ಉತ್ತರ: ಸಿಡಿ ಕಾಲದ ಮೇಲೆ ಬಂದ ಆಲ್ಬಮ್‌ಗಳಲ್ಲಿ ಸಣ್ಣ ದನಿಯನ್ನು ಎತ್ತಿ, ದೊಡ್ಡದನ್ನು ಒತ್ತಿ, ಒಟ್ಟು ಮಟ್ಟವನ್ನೇ ಮೇಲಕ್ಕೆ ತಂದಿರುತ್ತಾರೆ. ಹಳೆಯ ಮುದ್ರಣಗಳಲ್ಲಿ ಏರಿಳಿತ ಹಾಗೇ ಉಳಿದಿರುತ್ತದೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ (ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು) ಆನ್ ಮಾಡಿ. ನಿಮ್ಮದೇ ಫೈಲುಗಳಾದರೆ ಅದೇ ಕೆಲಸ ಮಾಡುವ ರೀಪ್ಲೇಗೇನ್ ಹಾಕಿ, ‘ಟ್ರ್ಯಾಕ್’ ಬೇಡ, ‘ಆಲ್ಬಮ್’ ಆರಿಸಿ. ಟ್ರ್ಯಾಕ್ ಆರಿಸಿದರೆ ಮೆಲ್ಲನೆಯ ಹಾಡೂ ರಘು ದೀಕ್ಷಿತರ ‘ಗುಡುಗುಡಿಯಾ ಸೇದಿ ನೋಡೋ’ದಷ್ಟೇ ಅಬ್ಬರಿಸುತ್ತದೆ. ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ. ಒಂದು ದೇವರನಾಮದ ಮಂಗಳದ ಮೇಲೆ ಇನ್ನೊಂದರ ಪಲ್ಲವಿ ಹತ್ತಿ ಕೂರುವುದಕ್ಕೆ ಅದೇ ಕಾರಣ.

ಪ್ರಶ್ನೆ: ‘ಮುಂಗಾರು ಮಳೆ’ ಸಿಡಿ ಒಂದೇ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಟೂತ್‌ಪೇಸ್ಟ್ ಹಚ್ಚಲೇ?
*(ವಿಜಯನಗರ)*

ಉತ್ತರ: ಮೊದಲು ಒದ್ದೆ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಅಲ್ಲ. ಸುತ್ತಲಿನ ಗೀರು ಒಂದೇ ಕಡೆ ಉದ್ದಕ್ಕೆ ಮಾಹಿತಿ ಅಳಿಸುತ್ತದೆ, ಅಡ್ಡಗೀರನ್ನು ಪ್ಲೇಯರ್ ತುಂಬಿಕೊಳ್ಳುತ್ತದೆ. ಪೇಸ್ಟ್ ಕೊನೆಯ ಉಪಾಯ, ಬಿಳಿಯದು ಮಾತ್ರ, ಜೆಲ್ ಅಲ್ಲ. ಗೀರು ಚಿತ್ರ ಮುದ್ರಿಸಿದ ಬದಿಯಲ್ಲಿದ್ದರೆ ಪ್ರಯತ್ನವೇ ಬೇಡ. ಬೆಳ್ಳಿಯಂತೆ ಹೊಳೆಯುವ ಪದರ ಇರುವುದು ಆ ಬಣ್ಣದ ಕೆಳಗೇ, ಅದು ಕಿತ್ತರೆ ಹೋಯಿತು. ಬೆಳಕಿಗೆ ಹಿಡಿದು ನೋಡಿ, ಸೂಜಿ ತೂತಿನಂತೆ ಬೆಳಕು ಬಂದರೆ ಬೇರೆ ಪ್ರತಿ ಹುಡುಕಿ.

ಪ್ರಶ್ನೆ: ಇಳಿಸಿಕೊಂಡ ಭಾವಗೀತೆಗಳಲ್ಲಿ ಕವಿಯ ಹೆಸರು ಎಲ್ಲಿ ಹಾಕಬೇಕು?
*(ಆರ್‌.ಟಿ. ನಗರ)*

ಉತ್ತರ: ಫೈಲಿನ ವಿವರಗಳಿರುವ ಟ್ಯಾಗ್‌ನಲ್ಲಿ ‘ಲಿರಿಸಿಸ್ಟ್’ ಎಂಬ ಜಾಗ ಕವಿಗೆ, ‘ಕಂಪೋಸರ್’ ಸಂಯೋಜಕರಿಗೆ, ‘ಆರ್ಟಿಸ್ಟ್’ ಆಯಾ ಹಾಡು ಹಾಡಿದವರಿಗೆ. ‘ಆಲ್ಬಮ್ ಆರ್ಟಿಸ್ಟ್’ನಲ್ಲಿ ಎಲ್ಲ ಹಾಡಿಗೂ ಒಂದೇ ಹೆಸರಿರಲಿ, ಇಲ್ಲದಿದ್ದರೆ ಐದು ಗಾಯಕರ ಒಂದು ಕ್ಯಾಸೆಟ್ಟು ಐದು ಆಲ್ಬಮ್ಮಾಗಿ ಒಡೆಯುತ್ತದೆ. ಎ ಬದಿಯನ್ನು ಡಿಸ್ಕ್ 1, ಬಿ ಬದಿಯನ್ನು ಡಿಸ್ಕ್ 2 ಎಂದು ಕೊಟ್ಟರೆ ಮೂಲದ ಕ್ರಮ ಉಳಿಯುತ್ತದೆ. ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಇಂಗ್ಲಿಷಿನಲ್ಲಿ ‘ಅನಂತಸ್ವಾಮಿ’ಯನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ, ಹುಡುಕಿದಾಗ ಅರ್ಧ ಹಾಡುಗಳು ಸಿಗುವುದೇ ಇಲ್ಲ.