ಡ್ರೈ ಬಿಳಿ ವೈನ್, ಬಯೋಡೈನಮಿಕ್ ತೋಟ: ಹಾಗಂದರೆ ಏನು?

ವೈನ್ ದ್ರವ ತಾನೇ, ಅದು ‘ಡ್ರೈ’ ಹೇಗೆ, ಬಯೋಡೈನಮಿಕ್ ಅಂದರೇನು ಅಂತ ಕೇಳಿದ್ದೀರಿ. ಡ್ರೈ ಅಂದರೆ ಸಿಹಿ ಇಲ್ಲದ್ದು, ಅಷ್ಟೇ. ದ್ರಾಕ್ಷಿ ರಸದ ಸಕ್ಕರೆಯನ್ನು ಯೀಸ್ಟ್ ಅನ್ನುವ, ರಸವನ್ನು ಹುದುಗಿಸುವ ಸೂಕ್ಷ್ಮಜೀವಿ ಹೆಚ್ಚುಕಡಿಮೆ ಪೂರ್ತಿ ತಿಂದುಬಿಡುತ್ತದೆ. ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂ ಕೂಡ ಉಳಿಯುವುದಿಲ್ಲ.

ಬಯೋಡೈನಮಿಕ್ ಬೇಸಾಯ 1924ರಲ್ಲಿ ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ಕೊಟ್ಟ ಉಪನ್ಯಾಸಗಳಿಂದ ಶುರುವಾಯಿತು. ರಾಸಾಯನಿಕ ಗೊಬ್ಬರ ಇಲ್ಲ. ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವಿಡೀ ಹೂತಿಡುತ್ತಾರೆ. ಆಮೇಲೆ ಅದನ್ನು ಸ್ವಲ್ಪವೇ ತೆಗೆದು, ನೀರಲ್ಲಿ ಒಂದು ಗಂಟೆ ಕಲಕಿ ಮಣ್ಣಿಗೆ ಚಿಮುಕಿಸುತ್ತಾರೆ. ನಮ್ಮ ಚಿಕ್ಕಬಳ್ಳಾಪುರದ ದ್ರಾಕ್ಷಿ ರೈತರಿಗೆ ಸಗಣಿ ಗೊಬ್ಬರ ಗೊತ್ತಿರುವುದೇ, ಕೊಂಬು ಮಾತ್ರ ಹೊಸದು ಅಲ್ವಾ? ಕೊಂಬಿನಿಂದಲೇ ರುಚಿ ಬರುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಆದರೆ ಮನೆಯವರೇ ದಿನಾ ಬಳ್ಳಿ ನೋಡಿಕೊಳ್ಳುವ ತೋಟದ ಹಣ್ಣಿನ ಮೇಲೆ ನನಗೆ ನಂಬಿಕೆ ಜಾಸ್ತಿ.