ಉಳಿದ ಮಾತ್ರೆ ಫ್ಲಶ್ ಮಾಡಬಹುದಾ?

ಕೋರಮಂಗಲದ ಓದುಗರೊಬ್ಬರ ಪ್ರಶ್ನೆ: ಮಾವ ತೀರಿಕೊಂಡ ಮೇಲೆ ಅವರ ಔಷಧಿ ಡಬ್ಬಿ ಹಾಗೇ ಉಳಿದಿದೆ. ಬಿ.ಪಿ. ಮಾತ್ರೆ, ಅರ್ಧ ಮುಗಿದ ಆ್ಯಂಟಿಬಯೋಟಿಕ್, ಇನ್ಸುಲಿನ್ ಸೂಜಿ, ನೋವಿಗೆ ಕೊಟ್ಟ ಟ್ರಮಡಾಲ್. ಕಸಕ್ಕೆ ಹಾಕಲು ಭಯ. ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಿಬಿಡಲೇ?

ಸಂಪಾದಕರ ಉತ್ತರ:

ಬೇಡ. ಟ್ರಮಡಾಲ್ ವಿಷಯ ಮಾತ್ರ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಕಡೆಯ ಒಳಚರಂಡಿ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಗೆ ಇಳಿಯುತ್ತದೆ. ಆ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. 'ಕೆ.ಸಿ. ವ್ಯಾಲಿ ನೀರು' ಅನ್ನುವುದು ಇದನ್ನೇ. ಆ ಘಟಕಗಳನ್ನು ಕಟ್ಟಿರುವುದು ಸಾಮಾನ್ಯ ಕೊಳಚೆ ತೆಗೆಯುವುದಕ್ಕೆ, ಔಷಧಿ ಸೋಸುವುದಕ್ಕಲ್ಲ. ಕೆಲವು ಔಷಧಿ ಅಲ್ಲೇ ಒಡೆದುಹೋಗುತ್ತವೆ, ಕೆಲವು ದಾಟಿಕೊಂಡು ಹೋಗುತ್ತವೆ. ಕೆರೆ ತುಂಬಿ ಬೋರ್‌ವೆಲ್‌ಗಳಿಗೆ ನೀರು ಬರಲಿ ಅಂತಲೇ ಆ ಯೋಜನೆ ಇರುವುದು!

ಒಂದು ಡಬ್ಬಿ ಮಾತ್ರೆಯಿಂದ ಏನಾಗುತ್ತೆ ಅನ್ನಬಹುದು. ಕೆನಡಾದಲ್ಲಿ 2001ರಿಂದ ಮೂರು ವರ್ಷ ಪ್ರಯೋಗಕ್ಕೆಂದೇ ಒಂದು ಕೆರೆಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನು ಬೆರೆಸಿದರು. ಲೀಟರಿಗೆ ಐದಾರು ನ್ಯಾನೋಗ್ರಾಂ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಐದಾರು ಪಾಲು, ಅಷ್ಟೇ. ಗಂಡು ಮೀನುಗಳಲ್ಲಿ ಮೊಟ್ಟೆ ಕಾಣಿಸಿತು. ಒಂದು ಜಾತಿಯ ಸಣ್ಣ ಮೀನು ಆ ಕೆರೆಯಿಂದ ಹೆಚ್ಚುಕಡಿಮೆ ಅಳಿದೇಹೋಯಿತು. ನಾವು ನುಂಗಿದ್ದೂ ಮೂತ್ರದಲ್ಲಿ ಹೋಗುತ್ತೆ ಅಲ್ವಾ? ಹೌದು, ಅದರ ಪಾಲೇ ಜಾಸ್ತಿ. ಅದನ್ನು ತಡೆಯಲಾಗದು, ಡಬ್ಬಿಯಲ್ಲಿರುವುದನ್ನು ತಡೆಯಬಹುದು.

ಈಗ ಟ್ರಮಡಾಲ್. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ 17 ಔಷಧಿಗಳ ಪಟ್ಟಿ ಕೊಟ್ಟು, ಇವು ಉಳಿದರೆ ಫ್ಲಶ್ ಮಾಡಿ ಅಂದಿದೆ. ಟ್ರಮಡಾಲ್, ಫೆಂಟನಿಲ್, ಡಯಾಜೆಪಾಮ್ ಅದರಲ್ಲಿವೆ. ಮಗು ಗೊತ್ತಿಲ್ಲದೆ ನುಂಗಿದರೆ ಪ್ರಾಣಕ್ಕೇ ಕುತ್ತು ಬರಬಹುದು, ಅದಕ್ಕೆ. ಕೋಲಾರದ ಮಾತಾಡಿ ಇದನ್ನು ಹೇಳಲು ನನಗೂ ಮುಜುಗರವೇ. ಆದರೆ ಮನೆಯಲ್ಲಿ ಮಕ್ಕಳು ಓಡಾಡುತ್ತಿದ್ದರೆ ನಾನೂ ಹಾಗೇ ಮಾಡುತ್ತೇನೆ.

ಉಳಿದದ್ದಕ್ಕೆ ಮೊದಲು ಮಾವನವರಿಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲಿ ಕೇಳಿ. ಆಸ್ಪತ್ರೆಯ ಹಳೆ ಔಷಧಿ ಹಳದಿ ಚೀಲಕ್ಕೆ ಬಿದ್ದು, ಸುಡುವ ಘಟಕಕ್ಕೆ ಹೋಗುತ್ತದೆ. ನಿಮ್ಮದನ್ನೂ ಸೇರಿಸಿಕೊಂಡರೆ ಕೆಲಸ ಮುಗಿಯಿತು. ಒಪ್ಪಲಿಲ್ಲವೇ? ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ. ಕಾಫಿ ಚರಟದ ಜೊತೆ ಕಲಸಿ, ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ. ಹೀಗೆ ಮಾಡಿದರೆ ಯಾರೂ ಎತ್ತಿ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಆಮೇಲೆ ಸ್ಯಾನಿಟರಿ ಪ್ಯಾಡ್, ಡೈಪರ್ ಹಾಕುವ ಕೆಂಪು ಬುಟ್ಟಿಯ ಕಸದಲ್ಲಿ ಕೊಡಿ. ಹಸಿ ಕಸಕ್ಕೆ ಮಾತ್ರ ಬೆರೆಸಬೇಡಿ, ಅದು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಮನೆ ಹಿಂದೆ ಸುಡುವುದಂತೂ ಬೇಡವೇ ಬೇಡ, ವಿಷದ ಹೊಗೆ ಏಳುತ್ತದೆ.

ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, 'ಸೂಜಿ' ಅಂತ ಬರೆದು ಕಸ ಒಯ್ಯುವವರ ಕೈಗೇ ಕೊಡಿ. ಪೌರಕಾರ್ಮಿಕರು ಎಷ್ಟೋ ಸಲ ಬರಿಗೈಯಲ್ಲೇ ಕಸ ಬೇರೆ ಮಾಡುತ್ತಾರೆ.

ಅವಧಿ ಮುಗಿದ ಔಷಧಿ 'ಮನೆಯ ಅಪಾಯಕಾರಿ ಕಸ', ಅದನ್ನು ಬೇರೆಯಾಗಿಯೇ ಸಂಗ್ರಹಿಸಬೇಕು ಅಂತ ಘನತ್ಯಾಜ್ಯ ನಿಯಮದಲ್ಲಿ 2016ರಲ್ಲೇ ಬರೆದಿದ್ದಾರೆ. ಕೇರಳ ಸರ್ಕಾರ 2025ರಲ್ಲಿ 'ಎನ್‌ಪ್ರೌಡ್' ಹೆಸರಿನಲ್ಲಿ ಕೋಯಿಕ್ಕೋಡ್‌ನಿಂದ ಇಂಥ ಸಂಗ್ರಹ ಶುರು ಮಾಡಿತು. ನಮ್ಮಲ್ಲೂ ಬೀದಿಗೊಂದು ಮೆಡಿಕಲ್ ಶಾಪ್ ಇದೆ. ಅಲ್ಲೊಂದು ಡಬ್ಬ ಇಡಿಸಲು ಏನು ಕಷ್ಟ? ನಿಮ್ಮ ವಾರ್ಡಿನ ಆಫೀಸಿಗೆ ಬರೆಯಿರಿ, ಅದರ ಒಂದು ಪ್ರತಿಯನ್ನು ನಮಗೂ ಕಳಿಸಿ. ಉತ್ತರ ಬಂದರೆ ಪ್ರಕಟಿಸುತ್ತೇವೆ, ಬಾರದಿದ್ದರೂ ಪ್ರಕಟಿಸುತ್ತೇವೆ.