ಪಿಯಾನೋ ಕಲಿಕೆ: ಸ್ವರದ ಕೆಳಗೆ ಅಕ್ಷರ ಬರೆದುಕೊಳ್ಳಬೇಕೇ?

ಗೆರೆಗಳ ಮೇಲೆ ಬರೆದ ಪಾಶ್ಚಾತ್ಯ ಸಂಗೀತ ಓದುವಾಗ ಬಲಗೈ ಸ್ವರಗಳು ಹೇಗೋ ಗೊತ್ತಾಗುತ್ತವೆ, ಎಡಗೈಗೆ ಬಂದರೆ ಪ್ರತಿ ಸಲ ಗೆರೆ ಎಣಿಸಬೇಕು, ಕೆಳಗೆ ಸಿ, ಡಿ, ಇ ಅಂತ ಪೆನ್ಸಿಲಿನಲ್ಲಿ ಬರೆದುಕೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅಕ್ಷರ ಇದ್ದರೆ ಕಣ್ಣು ಅದನ್ನೇ ಓದುತ್ತದೆ, ಸ್ವರದ ಕಡೆ ಹೋಗುವುದೇ ಇಲ್ಲ. ಹೊಸಬರಿಗೆ ಹೇಳಿಕೊಡುವಾಗ ನಾನು ಹಠ ಹಿಡಿಯುವುದು ಇದೊಂದಕ್ಕೇ.

ಎಲ್ಲ ಗೆರೆಗಳ ಹೆಸರನ್ನೂ ಬಾಯಿಪಾಠ ಮಾಡಬೇಕಿಲ್ಲ. ಮೂರು ಗುರುತು ಸಾಕು. ಬಲಗೈ ಸಾಲಿನ ಶುರುವಿನಲ್ಲಿರುವ ಚಿಹ್ನೆ ಟ್ರೆಬಲ್ ಕ್ಲೆಫ್, ಅದರ ಸುರುಳಿ ಸುತ್ತಿಕೊಂಡಿರುವ ಗೆರೆ ಜಿ. ಎಡಗೈ ಸಾಲಿನ ಚಿಹ್ನೆ ಬೇಸ್ ಕ್ಲೆಫ್, ಅದರ ಎರಡು ಚುಕ್ಕಿಗಳ ನಡುವಿನ ಗೆರೆ ಎಫ್. ಎರಡು ಸ್ಟಾಫ್‌ಗಳ (ಐದು ಗೆರೆಗಳ ಸಾಲುಗಳ) ಮಧ್ಯೆ, ತುಂಡು ಗೆರೆಯ ಮೇಲಿರುವುದು ಮಿಡಲ್ ಸಿ. ಈಗ ಎರಡೂ ಹೆಬ್ಬೆರಳನ್ನು ಮಿಡಲ್ ಸಿ ಮೇಲಿಟ್ಟು, ಉಳಿದ ಬೆರಳುಗಳನ್ನು ಒಂದೊಂದು ಬಿಳಿ ಕೀ ಮೇಲಿಡಿ. ಬಲ ಕಿರುಬೆರಳು ಸರಿಯಾಗಿ ಆ ಜಿ ಮೇಲೆ, ಎಡ ಕಿರುಬೆರಳು ಆ ಎಫ್ ಮೇಲೆ ಇರುತ್ತದೆ. ಎಷ್ಟು ಚೆನ್ನಾಗಿದೆ ಅಲ್ವಾ!

ಅಲ್ಲಿಂದ ಮುಂದೆ ಹೆಸರು ಹುಡುಕಬೇಡಿ, ಒಂದು ಸ್ವರದಿಂದ ಇನ್ನೊಂದಕ್ಕೆ ಎಷ್ಟು ದೂರ ಅಂತ ನೋಡಿ. ಗೆರೆಯಿಂದ ಪಕ್ಕದ ಸಂದಿಗೆ ಹೋದರೆ ಪಕ್ಕದ ಬೆರಳು. ಗೆರೆಯಿಂದ ಪಕ್ಕದ ಗೆರೆಗೆ ಹೋದರೆ ನಡುವೆ ಒಂದು ಬೆರಳು ಬಿಟ್ಟು. ಚೆನ್ನಾಗಿ ಓದುವವರು ಹೀಗೇ ಓದುತ್ತಾರೆ.

ಮೊದಲು ಕರ್ನಾಟಕ ಸಂಗೀತ ಕಲಿತಿದ್ದರೆ ಒಂದು ಮಾತು. ಅಲ್ಲಿ ಶ್ರುತಿ ಬದಲಾದರೆ 'ಸ' ಜಾಗವೂ ಬದಲಾಗುತ್ತದೆ. ಇಲ್ಲಿ ಸಿ ಯಾವತ್ತೂ ಅದೇ ಕೀ. ಸಿ ಅಂದರೆ ಸ ಅಂತ ಗಟ್ಟಿ ಮಾಡಿಕೊಂಡರೆ, ಜಿ ಮೇಜರ್‌ನಲ್ಲಿರುವ, ಅಂದರೆ ಜಿ ಸ್ವರವೇ 'ಸ' ಆಗುವ, ಪಾಠ ಬಂದಾಗ ತೊಡಕಾಗುತ್ತದೆ.

ಓದುವ ಅಭ್ಯಾಸಕ್ಕೆ ಈಗ ನುಡಿಸುತ್ತಿರುವುದಕ್ಕಿಂತ ಸುಲಭದ್ದನ್ನೇ ತೆಗೆದುಕೊಳ್ಳಿ, ದಿನವೂ ಹೊಸದು. ನಾಲ್ಕಾರು ಸಲ ನುಡಿಸಿದ್ದು ಕೈಗೆ ಬಂದುಬಿಡುತ್ತದೆ, ಆಮೇಲೆ ಅದು ಓದುವುದಲ್ಲ. ಹಂಗೇರಿಯ ಸಂಗೀತ ರಚನೆಕಾರ ಬಾರ್ಟೋಕ್‌ನ ಪಿಯಾನೋ ಪಾಠಗಳ ಸಂಗ್ರಹ 'ಮೈಕ್ರೋಕಾಸ್ಮೋಸ್'ನಲ್ಲಿ 153 ತುಣುಕುಗಳಿವೆ. ಮೊದಲ ಆರರಲ್ಲಿ ಎರಡೂ ಕೈ ಒಂದೇ ರಾಗವನ್ನು ಒಟ್ಟಿಗೆ ನುಡಿಸುತ್ತವೆ, ಎಡಗೈ ಮಾತ್ರ ಕೆಳಗಿನ ಸ್ಥಾಯಿಯಲ್ಲಿ. ನಿಮಗೆ ಬೇಕಾದದ್ದು ಇದೇ. ಎಡಗೈ ತಪ್ಪಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ಶುರು ಮಾಡುವ ಮೊದಲು ಅರ್ಧ ನಿಮಿಷ ಸುಮ್ನೆ ನೋಡಿ. ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂನ ಪರೀಕ್ಷೆಯಲ್ಲೂ ಸೈಟ್ ರೀಡಿಂಗ್‌ಗೆ (ಮೊದಲ ಸಲ ನೋಡಿದ್ದನ್ನು ಓದಿ ನುಡಿಸುವುದಕ್ಕೆ) ಮುಂಚೆ ನೋಡಿಕೊಳ್ಳಲು ಅಷ್ಟೇ ಸಮಯ ಕೊಡುತ್ತಾರೆ. ಯಾವ ಕ್ಲೆಫ್, ಎಷ್ಟು ಶಾರ್ಪ್ (ಸ್ವರವನ್ನು ಅರ್ಧ ಹಂತ ಏರಿಸುವ ಗುರುತು), ತಾಳ ಯಾವುದು, ಎಲ್ಲಿ ಜಾಸ್ತಿ ದೂರ ನೆಗೆಯುತ್ತದೆ ಅಂತ ನೋಡಿಕೊಳ್ಳಿ. ಆಮೇಲೆ ನಿಧಾನವಾಗಿ, ಎಡಗೈ ಒಂದರಲ್ಲೇ ಮೊದಲು. ತಪ್ಪು ಕೀ ಬಿದ್ದರೂ ತಾಳ ಬಿಟ್ಟು ನಿಲ್ಲಬೇಡಿ.